ಯಂತ್ರಶಿಲ್ಪ ನೋಡಿದವರು ನಗುತ್ತಾರೆ, ಕಸಿವಿಸಿಗೊಳ್ಳುವುದಿಲ್ಲ: ಕಣ್ಣು, ಕತ್ತು, ತೊಗಲು, ಯಾವುದನ್ನು ಮೊದಲು ಸರಿಪಡಿಸಬೇಕು?

ಕೀಲುಕತ್ತು (ಪ್ರಶ್ನೆ)

ಕುರ್ಚಿಯಲ್ಲಿ ಕೂತ ಭಂಗಿಯ, ಆಳಿನ ಅಳತೆಯ ಯಂತ್ರಶಿಲ್ಪ. ಪ್ರದರ್ಶನ ಆರು ವಾರ, ವಾರಕ್ಕೆ 6 ದಿನ, ದಿನಕ್ಕೆ 8 ಗಂಟೆ. ತಲೆ, ಎದೆ ಮತ್ತು ಬಲಗೈಯ ತೋರುಬೆರಳು ಮಾತ್ರ ಅಲುಗುತ್ತವೆ. ಒಟ್ಟು 14 ಸರ್ವೋ, ಅಂದರೆ ಹೇಳಿದ ಕೋನಕ್ಕೆ ತಿರುಗಿ ನಿಲ್ಲುವ ಮೋಟರ್:

ಕಣ್ಣಿಗೆ 3 (ಎಡಬಲ ತಿರುಗಲು ಎರಡಕ್ಕೂ ಬೇರೆ ಬೇರೆ, ಮೇಲೆಕೆಳಗೆ ಎರಡಕ್ಕೂ ಸೇರಿ ಒಂದು), ರೆಪ್ಪೆಗೆ 2, ಹುಬ್ಬಿಗೆ 1, ಬಾಯಿಯ ಮೂಲೆಗಳಿಗೆ 2, ಬೆರಳಿಗೆ 1. ಇವೆಲ್ಲ ಎಂಜಿ90ಎಸ್ ಎಂಬ ಸಣ್ಣ ಸರ್ವೋ.
ದವಡೆಗೆ 1, ಕತ್ತಿಗೆ 3, ಉಸಿರಾಟಕ್ಕೆ 1. ಇವು ಎಂಜಿ996ಆರ್ ಎಂಬ ದೊಡ್ಡ ಸರ್ವೋ.

ಸರ್ವೋಗಳಿಗೆ ಆಜ್ಞೆಯ ಪಲ್ಸ್ ಕಳಿಸುವ ಪಿಸಿಎ9685 ಬೋರ್ಡ್ ಒಂದು, 50 ಹರ್ಟ್ಸ್‌ನಲ್ಲಿ. ಮುಖ ಗುರುತಿಸಲು ಪುಟ್ಟ ಕಂಪ್ಯೂಟರ್, ರಾಸ್ಪ್‌ಬೆರಿ ಪೈ 5. ಕ್ಯಾಮೆರಾ ಕಣ್ಣಿನ ಮಟ್ಟದಿಂದ 40 ಸೆಂ.ಮೀ. ಮೇಲೆ, ಹಿಂದಿನ ಗೋಡೆಯಲ್ಲಿ. ವಿದ್ಯುತ್ತು 6 ವೋಲ್ಟ್ 10 ಆಂಪಿಯರ್ ಸಪ್ಲೈಯಿಂದ, 1 ಚ.ಮಿ.ಮೀ. ತಂತಿಯಲ್ಲಿ 3 ಮೀಟರ್ ದೂರ ಬರುತ್ತದೆ. ತಲೆಯ ತೂಕ 2.2 ಕೆ.ಜಿ., ಅದರ ಭಾರಕೇಂದ್ರ ಕತ್ತಿನ ಕೀಲಿನಿಂದ 5 ಸೆಂ.ಮೀ. ಮುಂದೆ. ತೊಗಲು ಡ್ರ್ಯಾಗನ್ ಸ್ಕಿನ್ 10 ಎಂಬ ಮೆದು ಸಿಲಿಕೋನ್, ಎಲ್ಲ ಕಡೆ 5 ಮಿ.ಮೀ.

ತೊಂದರೆಗಳು: ಕಣ್ಣು ನಿಧಾನ ತಿರುಗುವಾಗ ಗಡಿಯಾರದ ಮುಳ್ಳಿನ ಹಾಗೆ ಟಿಕ್ ಟಿಕ್ ಎಂದು ನೆಗೆಯುತ್ತದೆ. ಕತ್ತು ಶುರುವಾದಾಗ ರೆಪ್ಪೆ ಅದುರುತ್ತದೆ. ಬಾಯಿಯ ಎರಡೂ ಮೂಲೆಗಳಲ್ಲಿ ತೊಗಲು ಹರಿಯುತ್ತಿದೆ. ಸುಮ್ಮನೆ ನಿಂತಾಗಲೂ ಕತ್ತಿನ ಸರ್ವೋ ಗುಂಯ್ ಎನ್ನುತ್ತದೆ. ಇದೆಲ್ಲದರ ಮೇಲೆ, ನೋಡಲು ಬಂದವರು ನಗುತ್ತಾರೆ, ಕೈ ಬೀಸಿ ಆಟ ಆಡುತ್ತಾರೆ. ಮೊದಲು ಎಲ್ಲಿ ಕೈ ಹಾಕಬೇಕು? ಇಡೀ ವ್ಯವಸ್ಥೆಯನ್ನು ಗಾಳಿಯ ಒತ್ತಡಕ್ಕೆ, ಅಂದರೆ ನ್ಯೂಮ್ಯಾಟಿಕ್ಸ್‌ಗೆ ಬದಲಿಸಿದರೆ ಪ್ರಯೋಜನ ಇದೆಯೇ?

---

ನಿಧಾನಕಣ್ಣು

ಮೊದಲು ಕೈ ಹಾಕಬೇಕಾದ್ದು ತೊಗಲಿಗಲ್ಲ, ಮೋಟರಿಗೂ ಅಲ್ಲ, ನಿಮ್ಮ ಪ್ರೋಗ್ರಾಮಿನ ಕಾಲಲೆಕ್ಕಕ್ಕೆ. ಬಂದವರನ್ನೆಲ್ಲ ಬಂದ ಕ್ಷಣದಿಂದ ಹೋಗುವವರೆಗೂ ಹಿಂಬಾಲಿಸುವ ಕಣ್ಣು ಆಟಿಕೆಯ ಕಣ್ಣು. ಎರಡನೇ ಸೆಕೆಂಡಿಗೇ ನೋಡುಗರಿಗೆ ಅದರ ನಿಯಮ ಗೊತ್ತಾಗುತ್ತದೆ. ಆಮೇಲೆ ಎಡಕ್ಕೆ ಬಲಕ್ಕೆ ಓಡಾಡಿ ಅದನ್ನು ಕುಣಿಸುತ್ತಾರೆ. ಗೊಂಬೆ ತಮ್ಮ ಹಿಡಿತಕ್ಕೆ ಸಿಕ್ಕಿತು ಅಂದಮೇಲೆ ನಗು ಬಾರದೆ ಇನ್ನೇನು?

ಅಮೆರಿಕದ ಕಲಾವಿದ ಜೋರ್ಡನ್ ವುಲ್ಫ್‌ಸನ್‌ನ 2014ರ 'ಫೀಮೇಲ್ ಫಿಗರ್' ನೋಡಿ. ಕನ್ನಡಿಗೆ ಮುಖ ಮಾಡಿ ಕುಣಿಯುವ ಆಕೃತಿ ಅದು, ಮೈಯಿಂದ ಹೊರಟ ಸರಳು ಅದನ್ನು ಕನ್ನಡಿಗೆ ಕಟ್ಟಿಹಾಕಿದೆ. ಮುಖ ಗುರುತಿಸುವ ತಂತ್ರಾಂಶ ಅಲ್ಲೂ ಇದೆ, ಆದರೆ ಕಣ್ಣು ನೋಡುಗನನ್ನು ಹಿಡಿಯುವುದು ಕನ್ನಡಿಯ ಮೂಲಕ. ತನ್ನ ಪಾಡಿಗೆ ತಾನು ಏನೋ ಮಾಡಿಕೊಂಡಿದ್ದದ್ದು ನಡುವೆ ನಿಮ್ಮನ್ನು ನೋಡಿತಲ್ಲ, ಅಲ್ಲಿದೆ ಕಸಿವಿಸಿ. ಗೊಂಬೆಗೆ ಮೊದಲು ತನ್ನದೇ ಒಂದು ಕೆಲಸ ಬೇಕು. ನೋಡುಗ ಆ ಕೆಲಸಕ್ಕೆ ಅಡ್ಡಿಯಾಗಿ ಬರಬೇಕು.

ನಿಮ್ಮ ಗೊಂಬೆಗೆ ಹೊಂದುವ ಒಂದು ಸರಣಿ ಕೊಡುತ್ತೇನೆ. ಆರಂಭದ ಬೆಲೆಗಳು ಅಂತ ತಿಳಿಯಿರಿ. ಕೋಣೆ ನೋಡಿ ಬದಲಿಸಿ.

ಯಾರೂ ಇಲ್ಲದಾಗ ಅದು ತನ್ನ ಬೆರಳನ್ನೇ ನೋಡುತ್ತಿರಲಿ. ನಿಮಿಷಕ್ಕೆ 12 ಉಸಿರು. ಕ್ಯಾಮೆರಾಗೆ ಮುಖ ಸಿಕ್ಕಿದ ಮೇಲೂ 4ರಿಂದ 6 ಸೆಕೆಂಡು ಏನೂ ಬದಲಾಗಬಾರದು. ಆಮೇಲೆ ಉಸಿರು ಅರ್ಧದಲ್ಲಿ ನಿಲ್ಲಲಿ. ಮುಖದ ಕಡೆ ತಿರುಗುವ ಮುಂಚೆ ಈ ನಿಲುಗಡೆ ಒಂದು ಸೆಕೆಂಡಿನಷ್ಟು ಇರಬೇಕು. ಮೊದಲು ಕಣ್ಣು, ಆಮೇಲೆ ಕತ್ತು: ಕಣ್ಣು 60-80 ಮಿಲಿಸೆಕೆಂಡಿನಲ್ಲಿ ಒಂದೇ ನೆಗೆತಕ್ಕೆ ಹೋಗಿ ನಿಲ್ಲಬೇಕು, 150-200 ಮಿಲಿಸೆಕೆಂಡು ಬಿಟ್ಟು ಕತ್ತು ಹೊರಡಬೇಕು, ಅದು ಒಂದು ಸೆಕೆಂಡು ತೆಗೆದುಕೊಳ್ಳಲಿ. ಕತ್ತು ತಿರುಗಿದಷ್ಟೂ ಕಣ್ಣು ಉಲ್ಟಾ ದಿಕ್ಕಿಗೆ ಅಷ್ಟೇ ಡಿಗ್ರಿ ಹಿಂದೆ ಬರಬೇಕು. ಇದನ್ನು ಬಿಟ್ಟರೆ ದೃಷ್ಟಿ ಮುಖ ದಾಟಿ ಆಚೆ ಹೋಗಿ ಮತ್ತೆ ವಾಪಸ್ ಬಂದಂತೆ ಕಾಣುತ್ತದೆ. ಅಗ್ಗದ ಗೊಂಬೆಗಳನ್ನು ಗುರುತು ಹಿಡಿಯುವುದೇ ಇದರಿಂದ. 15 ಡಿಗ್ರಿಗಿಂತ ಕಡಿಮೆ ತಿರುಗುವುದಿದ್ದರೆ ಕತ್ತು ಬೇಡವೇ ಬೇಡ.

ಕತ್ತಿನ ಚಲನೆಗೆ ಸರಳರೇಖೆ ಹಾಕಬೇಡಿ. 0ಯಿಂದ 1ರವರೆಗಿನ ಕಾಲ ಟಿ ಅಂದರೆ, ಸ್ಥಾನ = 10 × ಟಿಯ ಘನ − 15 × ಟಿಯ ನಾಲ್ಕನೇ ಘಾತ + 6 × ಟಿಯ ಐದನೇ ಘಾತ. ಆರಂಭದಲ್ಲೂ ಕೊನೆಯಲ್ಲೂ ವೇಗ, ವೇಗೋತ್ಕರ್ಷ ಎರಡೂ ಸೊನ್ನೆ. ಕಣ್ಣಿಗೆ ಈ ಸೂತ್ರ ಬೇಡ. ಖಾಲಿ ಜಾಗದಲ್ಲಿ ಮನುಷ್ಯನ ಕಣ್ಣು ಜಾರುವುದಿಲ್ಲ, ನೆಗೆಯುತ್ತದೆ. ನಡೆದುಹೋಗುವವರನ್ನು ಹಿಂಬಾಲಿಸುವಾಗ ಮಾತ್ರ ನಯವಾಗಿ ಜಾರಬಹುದು, ಅದೂ ಸೆಕೆಂಡಿಗೆ ಸುಮಾರು 30 ಡಿಗ್ರಿಯವರೆಗೆ.

ದಿಟ್ಟಿಸುವ ಅವಧಿ: ಅಪರಿಚಿತರ ನೇರ ನೋಟವನ್ನು ಜನ ಮೂರು ಸೆಕೆಂಡಿನ ಆಸುಪಾಸು ಸಲೀಸಾಗಿ ತಾಳುತ್ತಾರೆ. ಅದರ ದುಪ್ಪಟ್ಟು, 6-7 ಸೆಕೆಂಡು ಇಡಿ. ಆದರೆ ಆ ಹೊತ್ತೆಲ್ಲ ಕಣ್ಣನ್ನು ಕಲ್ಲಾಗಿಸಬೇಡಿ. ಪ್ರತಿ 0.8ರಿಂದ 2.5 ಸೆಕೆಂಡಿಗೊಮ್ಮೆ 1-2 ಡಿಗ್ರಿ ಪಲ್ಲಟ, ಎದುರಿನವರ ಒಂದು ಕಣ್ಣಿನಿಂದ ಇನ್ನೊಂದಕ್ಕೆ, ಅಲ್ಲಿಂದ ಬಾಯಿಗೆ. ಕೊನೆಗೆ ಅವರು ಮುಖ ತಿರುಗಿಸುವ ಮುಂಚೆ ಗೊಂಬೆಯೇ ಆಸಕ್ತಿ ಕಳೆದುಕೊಂಡು ಬೆರಳಿಗೆ ವಾಪಸಾಗಲಿ. ಅದೇ ವ್ಯಕ್ತಿಗೆ ಮತ್ತೆ 40 ಸೆಕೆಂಡು ಸೊಪ್ಪು ಹಾಕಬಾರದು, ಎಷ್ಟು ಕೈ ಬೀಸಿದರೂ.

ರೆಪ್ಪೆ. ಕಣ್ಣು ಕೆಳಗೆ ಹೋದರೆ ಮೇಲ್ರೆಪ್ಪೆಯೂ ಜೊತೆಗೆ ಇಳಿಯಬೇಕು. ಇಳಿಯದಿದ್ದರೆ ಕಪ್ಪುಗುಡ್ಡೆಯ ಮೇಲೆ ಬಿಳಿ ಕಾಣಿಸಿ ಬೆಚ್ಚಿಬಿದ್ದ ಮುಖವಾಗುತ್ತದೆ. ಬೇಕೆಂದಾಗ ಇದನ್ನೇ ಬಳಸಿ: ದಿಟ್ಟಿಸುವಾಗ ಮೇಲೆ 1 ಮಿ.ಮೀ. ಬಿಳಿ ಸಾಕು, 2 ಆದರೆ ಕಾರ್ಟೂನು. ಮಿಟುಕು 150 ಮಿಲಿಸೆಕೆಂಡು, ಮುಚ್ಚುವುದು ಬೇಗ, ತೆರೆಯುವುದು ಸ್ವಲ್ಪ ತಡ. ದೊಡ್ಡ ತಿರುವಿನ ಜೊತೆ ಒಂದು ಮಿಟುಕು ಇರಲಿ.

ಇನ್ನು ಕ್ಯಾಮೆರಾದ ಜಾಗ. ಕಣ್ಣಿಗಿಂತ 40 ಸೆಂ.ಮೀ. ಮೇಲಿದ್ದರೆ 3 ಮೀಟರ್ ದೂರದವರಿಗೆ 7.6 ಡಿಗ್ರಿ, 1 ಮೀಟರಿನವರಿಗೆ 22 ಡಿಗ್ರಿ ವ್ಯತ್ಯಾಸ ಬರುತ್ತದೆ. ಒಂದೇ ಸ್ಥಿರ ತಿದ್ದುಪಡಿ ಹಾಕಿ ಪ್ರಯೋಜನವಿಲ್ಲ, ದೂರ ಗೊತ್ತಾಗಲೇಬೇಕು. ಆಳ ಅಳೆಯುವ ಕ್ಯಾಮೆರಾ ಇಲ್ಲದಿದ್ದರೆ, ಕಣ್ಣುಗಳ ನಡುವಿನ ಅಂತರ 63 ಮಿ.ಮೀ. ಎಂದಿಟ್ಟುಕೊಂಡು ಚಿತ್ರದಲ್ಲಿನ ಪಿಕ್ಸೆಲ್ ಅಂತರದಿಂದ ದೂರ ಅಂದಾಜಿಸಿ. ಒಂದೂವರೆ ಮೀಟರಿನಲ್ಲಿ 4 ಡಿಗ್ರಿ ತಪ್ಪಿದರೆ ನೋಟ 10 ಸೆಂ.ಮೀ. ಪಕ್ಕಕ್ಕೆ ಬೀಳುತ್ತದೆ, ಅಂದರೆ ಕಿವಿಯ ಹತ್ತಿರ. ಎಡಬಲ ಕಣ್ಣುಗಳಿಗೆ ಬೇರೆ ಸರ್ವೋ ಇಟ್ಟಿದ್ದೀರಿ, ಒಳ್ಳೆಯದು, ಅದನ್ನು ಬಳಸಿ. 1 ಮೀಟರ್ ದೂರಕ್ಕೆ ಒಂದೊಂದು ಕಣ್ಣೂ 1.8 ಡಿಗ್ರಿ ಮೂಗಿನ ಕಡೆ ವಾಲಬೇಕು, 3 ಮೀಟರಿಗೆ 0.6. ಸಮಾನಾಂತರವಾಗಿ ಬಿಟ್ಟರೆ ನಿಮ್ಮನ್ನು ತೂರಿಕೊಂಡು ಹಿಂದಿನ ಗೋಡೆ ನೋಡಿದ ಹಾಗಿರುತ್ತದೆ.

---

ತಂತಿಗಂಟು

ಮೇಲಿನದೆಲ್ಲ ಸರಿ, ಆದರೆ ನಿಮ್ಮ ಈಗಿನ ಯಂತ್ರಾಂಶದಲ್ಲಿ 1 ಡಿಗ್ರಿ ಪಲ್ಲಟ ನೆಟ್ಟಗೆ ಆಗುವುದೇ ಇಲ್ಲ. ಯಾಕೆ ಅಂತ ಲೆಕ್ಕ ಹಾಕಿ. ಪಿಸಿಎ9685 ಒಂದು ಆವರ್ತವನ್ನು 4096 ಭಾಗ ಮಾಡುತ್ತದೆ. 50 ಹರ್ಟ್ಸ್ ಅಂದರೆ 20,000 ಮೈಕ್ರೋಸೆಕೆಂಡು, ಒಂದು ಮೆಟ್ಟಿಲಿಗೆ 4.88. ಸರ್ವೋ 500ರಿಂದ 2500 ಮೈಕ್ರೋಸೆಕೆಂಡಿನ ಪಲ್ಸಿನೊಳಗೆ 180 ಡಿಗ್ರಿ ತಿರುಗಿದರೆ ಒಂದು ಮೆಟ್ಟಿಲು 0.44 ಡಿಗ್ರಿ. ನಿಮ್ಮ ಟಿಕ್ ಟಿಕ್ ಇದೇ. ಆವರ್ತನವನ್ನು 300 ಹರ್ಟ್ಸ್‌ಗೆ ಏರಿಸಿದರೆ ಮೆಟ್ಟಿಲು 0.81 ಮೈಕ್ರೋಸೆಕೆಂಡಿಗೆ, ಅಂದರೆ 0.07 ಡಿಗ್ರಿಗೆ ಇಳಿಯುತ್ತದೆ.

ಆದರೆ ಬರೀ ಅದನ್ನು ಮಾಡಿ ಕೂರಬೇಡಿ. ಎಂಜಿ90ಎಸ್‌ನ ಡೆಡ್‌ಬ್ಯಾಂಡ್ 5 ಮೈಕ್ರೋಸೆಕೆಂಡು. ಅದಕ್ಕಿಂತ ಸಣ್ಣ ಬದಲಾವಣೆ ಕಳಿಸಿದರೆ ಸರ್ವೋ ಕದಲುವುದೇ ಇಲ್ಲ, ಬಾಕಿ ಸೇರಿ ಒಮ್ಮೆಲೇ ನೆಗೆಯುತ್ತದೆ. ಕಣ್ಣಿನ ಮೂರಕ್ಕೂ ರೆಪ್ಪೆಯ ಎರಡಕ್ಕೂ 1-2 ಮೈಕ್ರೋಸೆಕೆಂಡ್ ಡೆಡ್‌ಬ್ಯಾಂಡಿನ, 333 ಹರ್ಟ್ಸ್ ತಾಳುವ ಡಿಜಿಟಲ್ ಸರ್ವೋ ಹಾಕಿ. ಇನ್ನೊಂದು: ಈ ಬೋರ್ಡಿನ 16 ಚಾನೆಲ್‌ಗಳಿಗೂ ಆವರ್ತನ ಒಂದೇ. 300ಕ್ಕೆ ಏರಿಸಿದರೆ ಅದೇ ಬೋರ್ಡಿನಲ್ಲಿರುವ ಅನಲಾಗ್ ಸರ್ವೋಗಳು ಕಾದು ಸಾಯುತ್ತವೆ. ಕಣ್ಣು-ರೆಪ್ಪೆಗೊಂದು ಬೋರ್ಡು, ಉಳಿದವಕ್ಕೊಂದು, ವಿಳಾಸ ಬೇರೆ ಮಾಡಿ ಹಾಕಿ.

ರೆಪ್ಪೆ ಅದುರುವುದು ಪ್ರೋಗ್ರಾಮಿನ ತಪ್ಪಲ್ಲ, ತಂತಿಯದು. 3 ಮೀಟರ್ ಹೋಗಿ 3 ಮೀಟರ್ ಬರುವ 1 ಚ.ಮಿ.ಮೀ. ತಾಮ್ರದ ತಂತಿಗೆ ಸುಮಾರು 0.1 ಓಮ್. 10 ಆಂಪಿಯರ್ ಎಳೆದಾಗ 1 ವೋಲ್ಟ್ ದಾರಿಯಲ್ಲೇ ಖರ್ಚು, 6 ಇದ್ದದ್ದು 5. ಅದರಲ್ಲಿ ಅರ್ಧ ಗ್ರೌಂಡ್ ತಂತಿಯಲ್ಲಿ ಬೀಳುತ್ತದೆ; ಸಿಗ್ನಲ್ ತಂತಿ ದೂರದ ಕಂಪ್ಯೂಟರಿನಿಂದ ಬರುತ್ತಿದ್ದರೆ ಸರ್ವೋಗೆ ಪಲ್ಸಿನ ಅಂಚು ಎಲ್ಲಿದೆ ಅನ್ನುವುದೇ ಗೊಂದಲ. ಐದು ಎಂಜಿ996ಆರ್ ಒಟ್ಟಿಗೆ ಸಿಕ್ಕಿಕೊಂಡರೆ ತಲಾ 2.5ರಂತೆ 12.5 ಆಂಪಿಯರ್, ಸಣ್ಣವು ಒಂಬತ್ತು ಸೇರಿ ಇನ್ನೂ 6-7. 10 ಆಂಪಿಯರ್ ಸಪ್ಲೈ ಇದಕ್ಕೆ ಸಾಲದು.

ಹೀಗೆ ಮಾಡಿ: ಗೋಡೆಯ ಹತ್ತಿರ 24 ವೋಲ್ಟ್ 150 ವಾಟ್ ಸಪ್ಲೈ. ಅಲ್ಲಿಂದ 24 ವೋಲ್ಟೇ ಕುರ್ಚಿಯವರೆಗೆ ಬರಲಿ, ಇದೇ ತಂತಿ ಸಾಕು, ಹರಿಯುವುದು ಐದು ಆಂಪಿಯರ್ ಚಿಲ್ಲರೆ. ಕುರ್ಚಿಯ ಅಡಿಯಲ್ಲಿ ವೋಲ್ಟೇಜ್ ಇಳಿಸುವ ಎರಡು ಬಕ್ ಕನ್ವರ್ಟರ್, ಒಂದು ಮುಖದ ಸಣ್ಣ ಸರ್ವೋಗಳಿಗೆ, ಇನ್ನೊಂದು ಕತ್ತು ಮತ್ತು ದವಡೆಗೆ. ಕಂಪ್ಯೂಟರಿಗೆ ಮೂರನೆಯದು, 5 ವೋಲ್ಟಿನದು. ಮೂರರ ಗ್ರೌಂಡೂ ಒಂದೇ ಬಿಂದುವಿನಲ್ಲಿ ಸೇರಲಿ. ಬಕ್‌ನ ಹೊರಬಾಯಿಯಲ್ಲಿ 2200 ಮೈಕ್ರೋಫ್ಯಾರಡ್ 16 ವೋಲ್ಟ್ ಕೆಪಾಸಿಟರ್. ಸರ್ವೋ ವಿದ್ಯುತ್ತನ್ನು ಪಿಸಿಎ ಬೋರ್ಡಿನ ಮೂಲಕ ಹಾಯಿಸಬೇಡಿ, ಅದರ ತಾಮ್ರದ ಗೆರೆಗಳು ಇಷ್ಟು ಕರೆಂಟಿಗೆ ಅಲ್ಲ. ಬೇರೆ ಪಟ್ಟಿಯಿಂದ ಹಂಚಿ, ಬೋರ್ಡಿನಿಂದ ಸಿಗ್ನಲ್ ಮತ್ತು ಗ್ರೌಂಡ್ ಮಾತ್ರ ಎಳೆಯಿರಿ.

ಕತ್ತಿನ ಗುಂಯ್ ಯಾಕೆಂದರೆ 2.2 ಕೆ.ಜಿ.ಯನ್ನು 5 ಸೆಂ.ಮೀ. ಮುಂದೆ ಹಿಡಿಯಲು 11 ಕೆ.ಜಿ.-ಸೆಂ.ಮೀ. ಬೇಕು. 6 ವೋಲ್ಟಿನಲ್ಲಿ ಎಂಜಿ996ಆರ್‌ನ ಪೂರ್ತಿ ತಾಕತ್ತೇ ಅಷ್ಟು. ಎಡೆಬಿಡದೆ ಹಿಡಿದು ನಿಲ್ಲಬೇಕಾದ ಭಾರ ಸರ್ವೋದ ಗರಿಷ್ಠದ ಕಾಲು ಭಾಗ ಮೀರಬಾರದು. ದೊಡ್ಡ ಸರ್ವೋ ತರುವ ಮುಂಚೆ ಸ್ಪ್ರಿಂಗ್ ಹಾಕಿ: ಕತ್ತಿನ ಹಿಂದೆ, ಕೀಲಿನಿಂದ 3 ಸೆಂ.ಮೀ. ದೂರದಲ್ಲಿ, 3.7 ಕೆ.ಜಿ. ಎಳೆಯುವ ಎಳೆತದ ಸ್ಪ್ರಿಂಗ್. ಉದ್ದನೆಯ, ಮೆದು ಸ್ಪ್ರಿಂಗ್ ಆರಿಸಿ, ಆಗ ತಲೆ ಬಾಗಿದಾಗ ಎಳೆತ ಹೆಚ್ಚು ಬದಲಾಗುವುದಿಲ್ಲ. ಹೆಚ್ಚು ಹೊತ್ತು ಇರುವ ಭಂಗಿಗೆ, ಅಂದರೆ ಬೆರಳು ನೋಡುವ ಭಂಗಿಗೆ, ಸಮತೋಲ ಕೂಡಿಸಿ. ಆಮೇಲೆ ಕತ್ತಿನ ಮೂರಕ್ಕೂ ಡೈನಾಮಿಕ್ಸೆಲ್ ಎಕ್ಸ್‌ಎಲ್430 ತರಹದ ಬಸ್ ಸರ್ವೋ (ಸಾಲಾಗಿ ಒಂದೇ ತಂತಿಗೆ ಜೋಡಿಸಿ ಮಾತಾಡಿಸುವಂಥದ್ದು) ಹಾಕಿದರೆ ಇನ್ನೂ ನೆಮ್ಮದಿ: ಒಂದು ಸುತ್ತಿನಲ್ಲಿ 4096 ಸ್ಥಾನ, ಈಗ ಎಲ್ಲಿದೆ ಅಂತ ಅದೇ ಹೇಳುತ್ತದೆ, ವೇಗ ಏರುವ ರೀತಿಯನ್ನೂ ಒಳಗೇ ಹಾಕಿಡಬಹುದು. ಅವು 12 ವೋಲ್ಟಿನವು, ಎರಡನೇ ಬಕ್‌ನಲ್ಲಿ ದವಡೆ ಮಾತ್ರ ಉಳಿಸಿ ಇವಕ್ಕೆ ಇನ್ನೊಂದು ಕೊಡಿ.

ನ್ಯೂಮ್ಯಾಟಿಕ್ಸ್ ಬೇಡ. ಚಲನೆ ಮೃದು, ನಿಜ. ಆದರೆ ಕಂಪ್ರೆಸರ್ ಇನ್ನೊಂದು ಕೋಣೆಗೆ, ನೀರು ಬೇರ್ಪಡಿಸುವ ಫಿಲ್ಟರ್, ಪ್ರತಿ ವಾಲ್ವಿಗೆ ಸೈಲೆನ್ಸರ್, ಸ್ಥಾನ ಹಿಡಿಯಲು ಪ್ರಪೋರ್ಷನಲ್ ವಾಲ್ವ್, ಇಷ್ಟೆಲ್ಲ ಬೇಕು. ಗಾಳಿ ಕುಗ್ಗುವ ವಸ್ತುವಾದ್ದರಿಂದ ಒಂದೆರಡು ಡಿಗ್ರಿಯ ಕಣ್ಣಿನ ಕೆಲಸಕ್ಕೆ ಅದು ಒಗ್ಗುವುದಿಲ್ಲ.

ಎದೆಗೆ ಸರ್ವೋನೇ ಬೇಡ. 24 ವೋಲ್ಟಿನ ಗೇರ್ ಮೋಟರ್, ನಿಮಿಷಕ್ಕೆ 12 ಸುತ್ತು, ಮೇಲೆ ಒಂದು ಕ್ಯಾಮ್, ಅಂದರೆ ಸುತ್ತಿದಂತೆ ಎದೆಯನ್ನು ಎತ್ತಿ ಇಳಿಸುವ, ಅಂಚು ಏರುಪೇರಾದ ಚಕ್ರ. ಕ್ಯಾಮಿನ ಸುತ್ತಳತೆಯನ್ನು ಉಸಿರು ತೆಗೆಯಲು 2 ಪಾಲು, ಬಿಡಲು 3, ನಿಲುಗಡೆಗೆ 1 ಅಂತ ಕೆತ್ತಿ. ಡ್ರೈವರ್ ಆವರ್ತನ 20 ಕಿಲೋಹರ್ಟ್ಸ್ ಮೇಲಿರಲಿ, ಕಿವಿಗೆ ಸಿಳ್ಳೆ ಕೇಳಿಸದು. ಮೋಟರ್ ನಿಲ್ಲಿಸಿದರೆ ಉಸಿರು ನಿಂತಿತು. ಮೇಲಿನವರು ಹೇಳಿದ 'ಅರ್ಧದಲ್ಲಿ ನಿಲ್ಲುವ ಉಸಿರು' ಇದರಲ್ಲಿ ಪುಕ್ಕಟೆ.

---

ಅಚ್ಚೆರಕ

ತೊಗಲು ಹರಿಯುವ ಬಗ್ಗೆ. ಡ್ರ್ಯಾಗನ್ ಸ್ಕಿನ್ 10 ಹತ್ತು ಪಟ್ಟು ಹಿಗ್ಗುತ್ತದೆ, ಹರಿಯುವುದಕ್ಕೆ ವಸ್ತು ಕಾರಣವಲ್ಲ. ನಾಲ್ಕು ಕಡೆ ನೋಡಿ.

ಒಂದು, ಬಾಯಿ ಮುಚ್ಚಿದ ಭಂಗಿಯಲ್ಲಿ ಎರಕ ಹೊಯ್ದಿದ್ದೀರಿ ಅನ್ನಿಸುತ್ತದೆ. ಹಾಗಾದರೆ ತೆರೆಯುವಾಗಿನ ಇಡೀ ಹಿಗ್ಗು ಒಂದೇ ದಿಕ್ಕಿಗೆ. ಮಣ್ಣಿನಲ್ಲಿ ತಿದ್ದುವಾಗಲೇ ಬಾಯಿಯನ್ನು ಅದರ ಓಟದ ನಡುಮಧ್ಯಕ್ಕೆ, ಅರೆತೆರೆದು ತಿದ್ದಬೇಕು. ಮುಚ್ಚಿದಾಗ ತುಸು ಕುಗ್ಗುತ್ತದೆ, ತೆರೆದಾಗ ತುಸು ಹಿಗ್ಗುತ್ತದೆ, ಎಳೆತ ಅರ್ಧಕ್ಕೆ ಇಳಿಯಿತು. ರೆಪ್ಪೆಗೂ ಇದೇ ಮಾತು.

ಎರಡು, ಬಾಯಿಯ ಸೀಳನ್ನು ಎರಕದ ಮೇಲೆ ಬ್ಲೇಡಿನಲ್ಲಿ ಕತ್ತರಿಸಿದ್ದರೆ ಅದರ ತುದಿಯೇ ಹರಕಿನ ಆರಂಭ. ತುದಿ 2-3 ಮಿ.ಮೀ. ತ್ರಿಜ್ಯದ ದುಂಡಾಗಿ ಅಚ್ಚಿನಲ್ಲೇ ಬರಬೇಕು.

ಮೂರು, ಸರ್ವೋದ ಕಡ್ಡಿ ತೊಗಲನ್ನು ಹಿಡಿಯುವ ಜಾಗ. ಸಣ್ಣ ತಟ್ಟೆಯನ್ನು ಒಳಗಿನಿಂದ ಅಂಟಿಸಿದರೆ ತಟ್ಟೆಯ ಅಂಚಿನಲ್ಲಿ ಸೀಳುತ್ತದೆ. ಪವರ್ ಮೆಶ್ ಎಂಬ ಹಿಗ್ಗುವ ಬಲೆಬಟ್ಟೆಯನ್ನು 25-30 ಮಿ.ಮೀ. ವ್ಯಾಸದ ಎಲೆಯಾಕಾರಕ್ಕೆ ಕತ್ತರಿಸಿ, ಸಿಲಿಕೋನ್ ಇನ್ನೂ ಅಂಟಂಟಾಗಿರುವಾಗ ಹಿಂಬದಿಗೆ ಒತ್ತಿ, ಮೇಲೆ ತೆಳುವಾಗಿ ಇನ್ನೊಂದು ಕೋಟು ಕೊಡಿ. ಕಡ್ಡಿ ಆ ಬಟ್ಟೆಗೆ ಹೊಲಿದ ಕುಣಿಕೆಯಲ್ಲಿ ತಿರುಗುವಂತಿರಲಿ; ಬಿಗಿಯಾಗಿ ಅಂಟಿಸಿದರೆ ಎಳೆತದ ಜೊತೆ ತಿರುಚೂ ಬೀಳುತ್ತದೆ. ಗಟ್ಟಿಯಾದ ಮೇಲೆ ಅಂಟಿಸಲೇಬೇಕಾದರೆ ಸಿಲಿಕೋನ್ ಅಂಟೇ ಬೇಕು, ಸಿಲ್-ಪಾಕ್ಸಿ ಥರದ್ದು. ಸೂಪರ್ ಗ್ಲೂ, ಎಪಾಕ್ಸಿ ಹಿಡಿಯುವುದಿಲ್ಲ.

ನಾಲ್ಕು, ಎಲ್ಲ ಕಡೆ 5 ಮಿ.ಮೀ. ಅನ್ನುವುದು. ಹಣೆ, ಗಲ್ಲ 3ರಿಂದ 4, ಬಾಯಿಯ ಸುತ್ತ 2.5, ರೆಪ್ಪೆಯ ಅಂಚು 1.5. ದಪ್ಪಗಳ ನಡುವೆ ಮೆಟ್ಟಿಲು ಬರಬಾರದು, 15 ಮಿ.ಮೀ. ಅಗಲದಲ್ಲಿ ಇಳಿಜಾರಾಗಿ ಬೆರೆಯಲಿ. ಸುಮಾರು 900 ಚ.ಸೆಂ.ಮೀ. ಮುಖಕ್ಕೆ ಸರಾಸರಿ 3 ಮಿ.ಮೀ. ಅಂದರೆ 290 ಗ್ರಾಂ. ಪಾತ್ರೆಗೆ ಅಂಟುವುದು, ತೂಬಿನಲ್ಲಿ ಉಳಿಯುವುದು ಸೇರಿ ಸಿಲಿಕೋನಿನ ಎರಡು ಭಾಗಗಳಾದ ಎ 175, ಬಿ 175 ಗ್ರಾಂ ಕಲಸಿ. ಈಗಿನ ತೊಗಲು 480 ಗ್ರಾಂ ಇರಬೇಕು, ಕತ್ತಿನ ಮೇಲೂ ಸುಮಾರು 190 ಗ್ರಾಂ ಭಾರ ಕಡಿಮೆಯಾಗುತ್ತದೆ.

ಮೆದುವಾಗಲಿ ಅಂತ ಇಕೋಫ್ಲೆಕ್ಸ್ 00-30ಕ್ಕೆ ಹೋಗಬೇಡಿ. ಹರಿಯದೆ ತಾಳುವ ಬಲ ಅದರಲ್ಲಿ ಡ್ರ್ಯಾಗನ್ ಸ್ಕಿನ್ 10ರ ಅರ್ಧಕ್ಕಿಂತ ಕಡಿಮೆ. ಮೆದುಗೊಳಿಸುವ ಸ್ಲ್ಯಾಕರ್ ಬೆರೆಸಿದರೂ ಅದೇ ಕಥೆ. ಕಲಸಲು ಹೊತ್ತು ಬೇಕಿದ್ದರೆ ಇದರಲ್ಲೇ ಸ್ಲೋ ಬಗೆ ತನ್ನಿ: 45 ನಿಮಿಷ ಕೈಗೆ ಸಿಗುತ್ತದೆ, ಗಟ್ಟಿಯಾಗಲು 7 ಗಂಟೆ. ನಿರ್ವಾತಕ್ಕೆ ಹಾಕುವಾಗ ಪಾತ್ರೆ ದ್ರವದ ನಾಲ್ಕು ಪಟ್ಟು ಇರಲಿ, ಉಕ್ಕುತ್ತದೆ. ಬಾಯಿಯ ಮೂಲೆಯಲ್ಲಿ ಒಂದು ಗುಳ್ಳೆ ಉಳಿದರೂ ಹರಕು ಅಲ್ಲಿಂದಲೇ.

ಪ್ಲಾಟಿನಂ ಸಿಲಿಕೋನ್ ಗಂಧಕವಿರುವ ಮಣ್ಣು, ಲೇಟೆಕ್ಸ್ ಕೈಗವಸು, ಟಿನ್ ಸಿಲಿಕೋನಿನ ಅಚ್ಚು, ರೆಸಿನ್ ಪ್ರಿಂಟ್ ಇವುಗಳ ಮೇಲೆ ಗಟ್ಟಿಯಾಗದೆ ಜಿಗುಟಾಗಿ ಉಳಿಯುತ್ತದೆ. ನೈಟ್ರೈಲ್ ಕೈಗವಸು ಬಳಸಿ. ರೆಸಿನ್ ತಲೆಬುರುಡೆಯನ್ನು ಪೂರ್ತಿ ಯುವಿ ಮತ್ತು ಬಿಸಿಗೆ ಹದ ಮಾಡಿ, ಅಕ್ರಿಲಿಕ್ ಲ್ಯಾಕರ್ ಹೊಡೆದು, ಮೂಲೆಯಲ್ಲಿ ಒಂದು ಚಮಚ ಸುರಿದು ಪರೀಕ್ಷಿಸಿ.

ತೊಗಲು ಬುರುಡೆಯ ಮೇಲೆ ಜಾರಲು ಸಿಲಿಕೋನ್ ಎಣ್ಣೆ ಹಚ್ಚುವವರಿದ್ದಾರೆ. ಸಿಲಿಕೋನ್ ಅದನ್ನು ಕುಡಿದು ಊದಿಕೊಳ್ಳುತ್ತದೆ, ವಾರಕ್ಕೆಲ್ಲ ಕೆನ್ನೆ ಜೋತುಬೀಳುತ್ತದೆ. ಬುರುಡೆಗೆ ತೆಳು ನೈಲಾನ್ ಬಟ್ಟೆ ಹೊದಿಸಿ ಟಾಲ್ಕ್ ಉದುರಿಸಿದರೆ ಸಾಕು.

---

ಬರಿಮೂಳೆ

ನನ್ನದು ತಕರಾರು. ಇಷ್ಟೆಲ್ಲ ಶ್ರಮ ಮುಖವನ್ನು ಮನುಷ್ಯನ ಹಾಗೆ ಮಾಡಲಿಕ್ಕೆ, ಮಾಡಿದಷ್ಟೂ ನೋಡುಗ ತಪ್ಪು ಹುಡುಕುವ ಪರೀಕ್ಷಕನಾಗುತ್ತಾನೆ. ತೊಗಲು ತೆಗೆದುಹಾಕಿ ನೋಡಿ.

ಎಡ್ವರ್ಡ್ ಇನಾಟೊವಿಚ್‌ನ 'ಸೆನ್‌ಸ್ಟರ್', 1970, ನೆದರ್ಲೆಂಡ್ಸ್‌ನ ಐಂಡ್ಹೋವನ್‌ನ ಇವೊಲ್ಯುಆನ್ ಪ್ರದರ್ಶನಾಲಯದಲ್ಲಿತ್ತು. ಉಕ್ಕಿನ ಕೊಳವೆಗಳು, ಹೈಡ್ರಾಲಿಕ್ ಕೀಲುಗಳು, ಮುಖವೇ ಇಲ್ಲ. ಮೆಲ್ಲಗೆ ಮಾತಾಡಿದರೆ ಹತ್ತಿರ ಬಾಗುತ್ತಿತ್ತು, ಜೋರು ಮಾಡಿದರೆ ಹಿಂದೆ ಸರಿಯುತ್ತಿತ್ತು. ಜನ ಅದನ್ನು ಪ್ರಾಣಿಯೆಂದೇ ನಡೆಸಿಕೊಂಡರು. ಚೀನಾದ ಕಲಾವಿದರಾದ ಸುನ್ ಯುವಾನ್ ಮತ್ತು ಪೆಂಗ್ ಯು ಅವರ 'ಕಾಂಟ್ ಹೆಲ್ಪ್ ಮೈಸೆಲ್ಫ್', 2016, ಗುಗೆನ್‌ಹೈಮ್ ಮ್ಯೂಸಿಯಂಗೆಂದು ಮಾಡಿದ್ದು: ಕಾರ್ಖಾನೆಗಳಲ್ಲಿ ಬಳಸುವ ಕೂಕಾ ಕಂಪನಿಯ ರೊಬಾಟ್ ತೋಳು, ನೆಲದಲ್ಲಿ ಹರಡುವ ಕೆಂಪು ದ್ರವವನ್ನು ಎಳೆದೆಳೆದು ಒಳಗೆ ತರುತ್ತದೆ, ನಡುವೆ 32 ಬಗೆಯ ಕುಣಿತ. ಅದು ತನ್ನದೇ ಹೈಡ್ರಾಲಿಕ್ ಎಣ್ಣೆ ಸೋರಿ ಕೊನೆಗೆ 'ಸತ್ತುಹೋಯಿತು' ಅಂತ ಓಡಾಡುವ ಕಥೆ ಸುಳ್ಳು. ಆ ತೋಳು ವಿದ್ಯುತ್ ಮೋಟರಿನದು, ದ್ರವ ಬಣ್ಣ ಹಾಕಿದ ನೀರಿಗೆ ಸೆಲ್ಯುಲೋಸ್ ಈಥರ್ ಬೆರೆಸಿದ್ದು. ಅವರದೇ 'ಡಿಯರ್' ಇನ್ನೂ ಸರಳ: ಬಿಳಿ ಕುರ್ಚಿಯೊಂದರ ಮೇಲೆ ರಬ್ಬರ್ ಕೊಳವೆ, ಆಗಾಗ ಒತ್ತಿದ ಗಾಳಿ ನುಗ್ಗಿದಾಗ ಹುಚ್ಚು ಹಿಡಿದಂತೆ ಬಡಿದಾಡುತ್ತದೆ. ಕಾಯುವ ಹೊತ್ತೇ ಅದರ ಅರ್ಧ ಬಲ.

ಜಪಾನಿನ ರೊಬಾಟ್ ತಜ್ಞ ಮಸಾಹಿರೊ ಮೋರಿ 1970ರ ಪ್ರಬಂಧದಲ್ಲಿ ಹೇಳಿದ್ದೂ ಇದೇ: ಮನುಷ್ಯನನ್ನು ತುಂಬ ಹೋಲಿಯೂ ಪೂರ್ತಿ ಹೋಲದ ವಸ್ತು ಕಂಡಾಗಿನ ಕಸಿವಿಸಿಯನ್ನು ಅವನು ಕಣಿವೆ ಎಂದ; ಆ ವಸ್ತು ಅಲುಗಿದರೆ ಕಣಿವೆ ಇನ್ನೂ ಆಳ. ಕಣಿವೆಗೆ ಇಳಿಯಲು ಮುಖವೇ ಬೇಕಿಲ್ಲ; ಅವನ ಉದಾಹರಣೆ ಕೃತಕ ಕೈ. ನಿಮ್ಮಲ್ಲಿ ಒಂದು ಬೆರಳಿದೆ. ತಲೆಯ ಮೇಲೆ ಬಟ್ಟೆ ಹೊದಿಸಿ, ಬೆರಳನ್ನು ಮಾತ್ರ ಬಿಡಿ.

---

ನಿಧಾನಕಣ್ಣು

ಬೆರಳಿನ ಸಲಹೆ ಒಪ್ಪಿದೆ, ಬಟ್ಟೆಯದು ಇಲ್ಲ. ಅದೇ ಕಲಾವಿದ ಜೋಡಿಯ 2007ರ 'ಓಲ್ಡ್ ಪೀಪಲ್ಸ್ ಹೋಮ್' ಇದೆಯಲ್ಲ, 13 ಮುದುಕರ ಗೊಂಬೆಗಳು ವಿದ್ಯುತ್ ಗಾಲಿಕುರ್ಚಿಗಳಲ್ಲಿ ಮೆಲ್ಲಗೆ ಸುತ್ತುತ್ತ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ಅಲ್ಲಿ ತೊಗಲು ತುಂಬ ನಿಜ, ಮುಖ ಮಾತ್ರ ಅಲುಗುವುದಿಲ್ಲ, ಅಲುಗುವುದು ಕುರ್ಚಿ. ಮುಖ ನಿಜವಾಗಿದ್ದೂ ಚಲನೆ ಕಡಿಮೆಯಿದ್ದರೆ ಪರೀಕ್ಷಕನಿಗೆ ತಪ್ಪು ಸಿಗುವುದಿಲ್ಲ. ಕೀಲುಕತ್ತು ಅವರು ಹುಬ್ಬಿನ ಸರ್ವೋ ತೆಗೆದುಬಿಡಲಿ, ದವಡೆಯನ್ನು ದಿನಕ್ಕೆ ನಾಲ್ಕೈದು ಸಲ ಮಾತ್ರ ಬಳಸಲಿ. ಬಾಯಿ ಯಾಕೆ ತೆರೆಯಿತು, ಯಾಕೆ ಸದ್ದು ಬರಲಿಲ್ಲ ಅಂತ ನೋಡಿದವರು ತಲೆ ಕೆಡಿಸಿಕೊಳ್ಳಲಿ. ತೊಗಲು ಹರಿಯುವುದೂ ಅಷ್ಟರಮಟ್ಟಿಗೆ ಕಡಿಮೆ.

ಸದ್ದು ಬೇಕೆಂದರೆ ಸ್ಪೀಕರ್ ಬೇಡ. ಟಿಪ್ಪುವಿನ ಹುಲಿಯಲ್ಲಿ, ಅದೇ ಯುರೋಪಿನವನೊಬ್ಬನ ಮೇಲೆ ಎರಗಿದ ಮರದ ಹುಲಿ, 1799ರಲ್ಲಿ ಶ್ರೀರಂಗಪಟ್ಟಣದಿಂದ ಕೊಂಡೊಯ್ದು ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿರುವುದು, ಹಿಡಿಕೆ ತಿರುಗಿಸಿದರೆ ತಿದಿಯ ಗಾಳಿ ಕೊಳವೆಗೆ ಹೋಗಿ ಕೆಳಗೆ ಬಿದ್ದವನ ನರಳಾಟ ಬರುತ್ತದೆ, ಅದೇ ಹಿಡಿಕೆಯಿಂದ ಅವನ ಕೈಯೂ ಏಳುತ್ತದೆ. ಸದ್ದು ಮತ್ತು ಚಲನೆಗೆ ಮೂಲ ಒಂದೇ, ಆದ್ದರಿಂದ ಎರಡೂ ಎಂದೂ ಆಚೀಚೆ ಆಗುವುದಿಲ್ಲ. ನಿಮ್ಮ ಎದೆಯ ಕ್ಯಾಮಿಗೇ ಪುಟ್ಟ ತಿದಿಯೊಂದನ್ನು ಕಟ್ಟಿ, 6 ಮಿ.ಮೀ. ಕೊಳವೆಯನ್ನು ಮೂಗಿನ ಹೊಳ್ಳೆಗೆ ಬಿಡಿ.

---

ಕೀಲುಕತ್ತು

ಬೆರಳು, ತಿದಿ ಎರಡನ್ನೂ ತೆಗೆದುಕೊಂಡೆ. ಎರಡು ಪ್ರಶ್ನೆ ಉಳಿದಿವೆ: ಆರು ವಾರ ನಡೆಸಲು ಏನೇನು ಬಿಡಿಭಾಗ ಇಟ್ಟುಕೊಳ್ಳಬೇಕು? ಕೋಣೆ ಬಹಳ ಕತ್ತಲು, ಕ್ಯಾಮೆರಾಗೆ ಇನ್‌ಫ್ರಾರೆಡ್ ದೀಪ ಹಾಕಿದರೆ ಯಾವುದು?

---

ಬಾಗಿಲುಕಾವಲು

ದೀಪ 940 ನ್ಯಾನೋಮೀಟರಿನದು. 850ರದ್ದು ಕ್ಯಾಮೆರಾಗೆ ಹೆಚ್ಚು ಬೆಳಕು ಕೊಡುತ್ತದೆ, ಆದರೆ ಕತ್ತಲಲ್ಲಿ ದೀಪದ ತುದಿ ಮಂದ ಕೆಂಪಾಗಿ ಕಾಣಿಸಿ ಗುಟ್ಟು ರಟ್ಟಾಗುತ್ತದೆ. ಇನ್‌ಫ್ರಾರೆಡ್ ತಡೆ ಇಲ್ಲದ ಕ್ಯಾಮೆರಾ ಬೇಕು. ಬಾಗಿಲು ನೋಡುಗರ ಬೆನ್ನ ಹಿಂದಿದ್ದರೆ ಬೆಳಕು ಅಲ್ಲಿಂದ ಬಂದು ಮುಖ ಕಪ್ಪಾಗುತ್ತದೆ, ಪರದೆ ಹಾಕಿ. ಮಕ್ಕಳ ಮುಖ 90 ಸೆಂ.ಮೀ. ಎತ್ತರದಲ್ಲೂ ಇರುತ್ತದೆ, ಕ್ಯಾಮೆರಾದ ಕೋನ ಅಲ್ಲಿಗೆ ಮುಟ್ಟುತ್ತದೆಯೇ ನೋಡಿ. ಚಿತ್ರ ಯಾವುದನ್ನೂ ಉಳಿಸಬೇಡಿ, ಕ್ಯಾಮೆರಾ ಇದೆಯೆಂಬ ಫಲಕ ಬಾಗಿಲಲ್ಲಿರಲಿ.

ಸವೆತದ ಲೆಕ್ಕ. 36 ದಿನ, 8 ಗಂಟೆ, ಒಟ್ಟು 288 ಗಂಟೆ. ಮೂರು ಸೆಕೆಂಡಿಗೊಂದು ಕಣ್ಣಿನ ನೆಗೆತ ಅಂದರೆ ದಿನಕ್ಕೆ 9,600, ಒಟ್ಟು 3,45,600. ಅಗ್ಗದ ಸರ್ವೋದ ಬ್ರಷ್ಷೂ ಒಳಗೆ ಉಜ್ಜಿಕೊಂಡು ಕೋನ ಅಳೆಯುವ ಪೊಟೆನ್ಶಿಯೋಮೀಟರೂ ಇಷ್ಟು ತಾಳುವ ಭರವಸೆ ಇಲ್ಲ. ಸವೆತ ಸದಾ ನಡುಭಾಗದಲ್ಲಿ ಶುರು, ಕಣ್ಣು ನೇರ ನೋಡುವಾಗ ನಡುಗಲು ಶುರುವಾದರೆ ಅದೇ ಸೂಚನೆ, ಕಾಯಬೇಡಿ, ಬದಲಿಸಿ. ಮುಟ್ಟದೆಯೇ ಕೋನ ಅಳೆಯುವ ಕಾಂತೀಯ ಎನ್‌ಕೋಡರ್ ಇರುವ ಸರ್ವೋ ಸಿಕ್ಕರೆ ಈ ಪಾಡಿಲ್ಲ. ಕಣ್ಣು ಮತ್ತು ರೆಪ್ಪೆಗೆ ಸೇರಿ ಆರು ಬಿಡಿ ಸರ್ವೋ, ಕತ್ತಿಗೆ ಒಂದು, ಬಕ್ ಒಂದು, ಪೈಯ ಮೆಮೊರಿ ಕಾರ್ಡಿನ ಎರಡು ನಕಲು, ತೊಗಲಿನ ಇನ್ನೊಂದು ಪೂರ್ತಿ ಎರಕ. ಬಿಡಿ ಸರ್ವೋಗಳನ್ನು ಮೊದಲೇ 1500 ಮೈಕ್ರೋಸೆಕೆಂಡಿಗೆ ನಿಲ್ಲಿಸಿ, ಹಾರ್ನ್ (ಸರ್ವೋದ ತಿರುಗುವ ತೋಳು) ಕೂರಿಸಿ, ಚೀಟಿ ಅಂಟಿಸಿಡಿ. ಬೆಳಿಗ್ಗೆ ಬಾಗಿಲು ತೆರೆಯುವ ಮುಂಚೆ ಹತ್ತು ನಿಮಿಷದಲ್ಲಿ ಬದಲಿಸಲು ಆಗದಿದ್ದರೆ ಆ ಬಿಡಿಭಾಗ ಇದ್ದೂ ಇಲ್ಲದ ಹಾಗೆ.

ಕತ್ತಿನ ಮೂಲಕ ಹೋಗುವ ತಂತಿಗಳು ಸರ್ವೋಗಳಿಗಿಂತ ಮೊದಲು ಸಾಯುತ್ತವೆ. ಸಿಲಿಕೋನ್ ಹೊದಿಕೆಯ, ಸಣ್ಣ ಎಳೆಗಳ ತಂತಿ ಬಳಸಿ. ಬಾಗುವ ತ್ರಿಜ್ಯ ತಂತಿಯ ವ್ಯಾಸದ ಹತ್ತು ಪಟ್ಟು ಇರಲಿ. ಎರಡೂ ತುದಿ ಬಿಗಿದು ನಡುವೆ ಸಡಿಲ ಕುಣಿಕೆ ಬಿಡಿ. ಬೆಸುಗೆ ಹಾಕಿದ ಜಾಗ ಬಾಗುವ ಭಾಗದಲ್ಲಿ ಬರಲೇಕೂಡದು.

ತುರ್ತು ನಿಲುಗಡೆ ಗುಂಡಿ ಸರ್ವೋಗಳ ವಿದ್ಯುತ್ತನ್ನು ಕಡಿಯಬೇಕು, ಕಂಪ್ಯೂಟರಿನದನ್ನಲ್ಲ. ಗುಂಡಿ ಎತ್ತಿದ ಕೂಡಲೇ ತಾನಾಗಿ ಶುರುವಾಗಬಾರದು, ಬೇರೆ ಗುಂಡಿ ಒತ್ತಿದ ಮೇಲೆ ಶುರುವಾಗಬೇಕು. ವಿದ್ಯುತ್ ಹೋದಾಗ ತಲೆ ಎದೆಗೆ ಬಡಿಯದಂತೆ ಮೇಲೆ ಹೇಳಿದ ಸ್ಪ್ರಿಂಗ್ ಕಾಯುತ್ತದೆ. ವಿದ್ಯುತ್ ಮರಳಿದಾಗ ಇನ್ನೊಂದು ಅಪಾಯ: ಹವ್ಯಾಸಿ ಸರ್ವೋ ತಾನೆಲ್ಲಿದೆ ಅಂತ ಕಂಪ್ಯೂಟರಿಗೆ ಹೇಳುವುದಿಲ್ಲ, ಬಂದ ಮೊದಲ ಆಜ್ಞೆಗೆ ಪೂರ್ತಿ ವೇಗದಲ್ಲಿ ಹಾರುತ್ತದೆ. ಆದ್ದರಿಂದ ಮೊದಲ ಆಜ್ಞೆ ಸ್ಪ್ರಿಂಗ್ ನಿಲ್ಲಿಸಿದ ಭಂಗಿಯದೇ ಆಗಿರಲಿ, ಚಾನೆಲ್‌ಗಳನ್ನು 300 ಮಿಲಿಸೆಕೆಂಡಿನ ಅಂತರದಲ್ಲಿ ಒಂದೊಂದಾಗಿ ಎಬ್ಬಿಸಿ. ಬಸ್ ಸರ್ವೋ ಆದರೆ ಈಗಿನ ಸ್ಥಾನ ಓದಿ ಅಲ್ಲಿಂದಲೇ ಹೊರಡಿ.

ಬೇಲಿ: ನೋಡುಗರು ಭುಜದಿಂದ ತೋಳು ಚಾಚಿದರೆ 850 ಮಿ.ಮೀ. ಹಗ್ಗ ಕಟ್ಟಿದರೆ ಬಾಗುತ್ತಾರೆ, ಅದಕ್ಕೆ ಇನ್ನರ್ಧ ಮೀಟರ್ ಸೇರಿಸಿ. ಒಟ್ಟು 1.35 ಮೀಟರ್ ಆಯಿತು; ಇನ್ನಷ್ಟು ಬಿಟ್ಟು ಒಂದೂ ಮುಕ್ಕಾಲು ಮೀಟರಿನಾಚೆ ಗೆರೆ ಎಳೆದರೆ ಕಣ್ಣಿನ ಕೋನಗಳೂ ಹಿಡಿತದಲ್ಲಿರುತ್ತವೆ, ತೊಗಲನ್ನು ಚಿವುಟಿ ನೋಡುವವರೂ ದೂರ ಉಳಿಯುತ್ತಾರೆ. ಸಿಲಿಕೋನಿಗೆ ಧೂಳು ಅಂಟುತ್ತದೆ. ವಾರದ ರಜೆಯ ದಿನ ಸಾಬೂನು ನೀರಿನ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ಮೃದು ಬ್ರಷ್ಷಿನಲ್ಲಿ ಟಾಲ್ಕ್ ಹಚ್ಚಿ. ಅದೇ ದಿನ ಸ್ಕ್ರೂಗಳನ್ನು ಬಿಗಿಮಾಡಿ, ಲೋಹಕ್ಕೆ ಲೋಹ ಕೂಡುವಲ್ಲಿ ನೀಲಿ ಥ್ರೆಡ್‌ಲಾಕರ್ ಒಂದು ಹನಿ. ಪ್ಲಾಸ್ಟಿಕ್ ಹಾರ್ನ್ ಇರುವಲ್ಲಿ ಥ್ರೆಡ್‌ಲಾಕರ್ ಬೇಡ, ಬಿರುಕು ಬಿಡುತ್ತದೆ.